ಸ್ಮಿಲ್ಯಾಳಿಗೆ ಹೇಳಿದ ಮಾತು

೩ ಜೂನ್ ೧೯೮೬, ಮಂಗಳವಾರ

ಮಗ ಗುರು, ಸೊಸೆ ಮೈಥಿಲಿ ಆಫೀಸಿಗೆ ಹೊರಟರು. ಅನ್ನ ಇಳಿಸಿ ಸರ್ಬಿಯನ್ ಪಾಠದ ಟೇಪು ಹಾಕಿದೆ. ಇವತ್ತು ವಿಭಕ್ತಿಗಳು. ಸರ್ಬಿಯನ್ನಿನಲ್ಲೂ ಏಳು! ಲೈಬ್ರರಿ ಪುಸ್ತಕದ ಇಂಗ್ಲಿಷ್ ವಿವರಣೆ ಅರ್ಧಂಬರ್ಧ ತಿಳಿಯಿತು. ಆದರೂ ಏಳು ಎಂದು ಕಂಡಾಗ ಪರದೇಶದಲ್ಲಿ ನೆಂಟರು ಸಿಕ್ಕ ಹಾಗಾಯಿತು. ಬರೆದ ಹಾಗೆಯೇ ಓದುವುದು, ಇಂಗ್ಲಿಷಿನ ಹಾಗೆ ಮೋಸವಿಲ್ಲ. ಎರಡಕ್ಕೆ ದ್ವಾ. ಮೂರಕ್ಕೆ ತ್ರಿ. ನೀರಿಗೆ ವೋದಾ. ಎಲ್ಲ ಕನ್ನಡ ಅಕ್ಷರದಲ್ಲೇ ಬರೆದುಕೊಳ್ಳುತ್ತಿದ್ದೇನೆ.

ಪಕ್ಕದ ಮನೆಯ ಸ್ಮಿಲ್ಯಾಗಾಗಿ ಈ ವಯಸ್ಸಿನಲ್ಲಿ ಈ ಪಾಠ. ಚಳಿಗಾಲದಲ್ಲಿ ಸ್ಟ್ರೋಕ್ ಆದಾಗಿನಿಂದ ಅವಳ ಇಂಗ್ಲಿಷ್ ಪೂರ್ತಿ ಹೋಗಿಬಿಟ್ಟಿದೆ. ಯುಗೋಸ್ಲಾವಿಯಾದ ಹುಟ್ಟೂರಿನ ಈ ಭಾಷೆಯೊಂದೇ ಉಳಿದಿದೆ. ಮಗಳು ಇರುವುದು ಶಿಕಾಗೋದಲ್ಲಿ. ಹಗಲು ಹೊತ್ತು ಈ ಬೀದಿಯಲ್ಲಿ ನಾವಿಬ್ಬರು ಮುದುಕಿಯರೇ. ಅವಳಿಗೆ ಏನಾದರೂ ಆಗಿ, ಕೂಗಿದ್ದು ಯಾರಿಗೂ ಅರ್ಥವಾಗದೆ ಹೋದರೆ... ಅಡುಗೆ ಮಾಡುವಾಗಲೂ ಅದೇ ಯೋಚನೆ.

ಗುರುವಿಗೆ ತಮಾಷೆ. "ಇಂಗ್ಲಿಷ್ ಕ್ಲಾಸಿಗೆ ಸೇರ್ಕೋಮ್ಮಾ ಅಂದ್ರೆ ಆಗಲ್ಲ ಅಂದೆ. ಈಗ ಯುಗೋಸ್ಲಾವಿಯಾಗೆ ಹೊರಟಿದೀಯಾ?"

"ಹೂಂ ಕಣೋ. ವೀಸಾ ಕೊಡ್ಸು."

೭ ಜೂನ್, ಶನಿವಾರ

ಬೇಲಿ ಹತ್ತಿರ ನಿಂತು ಹೊಸ ವಾಕ್ಯಗಳನ್ನೆಲ್ಲ ಒಪ್ಪಿಸಿದೆ. ಸ್ಮಿಲ್ಯಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಬೆನ್ನು ಸೆಟೆಸಿ, ಮೂಗು ಮೇಲೆತ್ತಿ ರೇಡಿಯೋದಲ್ಲಿ ವಾರ್ತೆ ಓದುವವರ ಹಾಗೆ ನನ್ನನ್ನು ಅಣಕಿಸಿದಳು. ನಾನು ಹಾಗಾ ಮಾತಾಡುವುದು?

ಒಳಗೆ ಕರೆದು ಒಂದು ಚಮಚ ಏಪ್ರಿಕಾಟ್ ಪಾಕ, ಒಂದು ಲೋಟ ನೀರು ಕೊಟ್ಟಳು. ಅದಕ್ಕೆ ಸ್ಲಾತ್ಕೋ ಎಂದು ಹೆಸರು. ಮನೆಗೆ ಬಂದವರಿಗೆ ಮೊದಲು ಅದೇ ಅಂತೆ, ನಮ್ಮ ಬೆಲ್ಲ ನೀರಿನ ಹಾಗೆ. ತಿಂದ ಚಮಚ ಲೋಟದ ನೀರಿಗೆ ಹಾಕಬೇಕು. ಎಂಜಲು... ಕೈ ತಡೆಯಿತು. ಅವಳು ನೋಡುತ್ತಿದ್ದಳು. ಹಾಕಿದೆ.

ಅವಳ ಹಿತ್ತಲಿನ ಏಪ್ರಿಕಾಟ್ ಮರದ ತುಂಬಾ ಹಣ್ಣು. ಸ್ಟೂಲ್ ಹತ್ತಿ ಕೀಳುತ್ತಾಳೆ! "ನೆಮೋಯ್!" ಎಂದೆ. ಬೇಡ ಎನ್ನುವುದಕ್ಕೆ ಹಾಗೆ. ಕೈ ಬೀಸಿಬಿಟ್ಟಳು.

೧೧ ಜೂನ್, ಬುಧವಾರ, ಸಂಜೆ

ಬಿದ್ದೇಬಿಟ್ಟಳು. ಮರದ ಬುಡದಲ್ಲೇ. ಕೂಗು ಕೇಳಿ ಓಡಿದೆ. ೯೧೧ ಒತ್ತಿ ನಮ್ಮ ವಿಳಾಸ ಮಾತ್ರ ಹೇಳಿದೆ, ಬೇರೆ ಏನೂ ಬಾಯಿಗೆ ಬರಲಿಲ್ಲ. "ಗ್ದೆ ತೆ ಬೋಲಿ?" ಎಲ್ಲಿ ನೋವು ಎಂದು ಕೇಳಿದೆ. ಸೊಂಟ ತೋರಿಸಿದಳು. ಆಂಬುಲೆನ್ಸಿನವನಿಗೆ ನನ್ನ ಸೊಂಟ ಮುಟ್ಟಿ ತೋರಿಸಿದೆ.

ಈಗಷ್ಟೇ ಆಸ್ಪತ್ರೆಯಿಂದ ಬಂದೆವು, ಗುರು ಕರೆದುಕೊಂಡು ಹೋಗಿದ್ದ. ಮೂಳೆ ಮುರಿದಿದೆ. ನಾಳೆ ಬೆಳಗ್ಗೆ ಆಪರೇಷನ್. ಮಗಳು ನಾಡಿದ್ದು ಬರುತ್ತಾಳೆ. ನರ್ಸಿಗೆ ಗುರು ನಮ್ಮ ಫೋನ್ ನಂಬರು ಕೊಟ್ಟಿದ್ದಾನೆ.

ಹೊರಡುವಾಗ ಮಂಚದ ಪಕ್ಕ ನಿಂತು 'ಹೋಗುತ್ತೇನೆ' ಎಂದು ಬರಿದೆ ಹೇಗೆ ಹೇಳುವುದು? ಅಪಶಕುನ. ನಾವು ಹೇಳುವಂತೆಯೇ ಅವಳ ಭಾಷೆಯಲ್ಲಿ ಜೋಡಿಸಿದೆ. "ಇದೆಮ್ ಇ ದೋಚಿ ಚು." ಹೋಗಿ ಬರುತ್ತೇನೆ. ಕೈ ಗಟ್ಟಿಯಾಗಿ ಹಿಡಿದುಕೊಂಡಳು. "ದೋಬ್ರೋ. ಚೇಕಾಮ್ ತೆ." ಒಳ್ಳೆಯದು ಎನ್ನುವವರೆಗೆ ತಿಳಿಯಿತು. ಮುಂದಿನದು ಇನ್ನೂ ಓದಿಲ್ಲದ ಪಾಠದ್ದು. ಬೆಳಗ್ಗೆ ನೋಡಬೇಕು.

೧೨ ಜೂನ್, ಬೆಳಗ್ಗೆ ೮

ಸಿಕ್ಕಿತು. ಚೇಕಾಮ್ ತೆ — ನಿನಗಾಗಿ ಕಾಯುತ್ತಿರುತ್ತೇನೆ.

ಅಯ್ಯೋ. ನಾನು ಹೇಳಿದ್ದು ಬರೀ ಹೊರಡುವ ಮಾತು. ದಿನಕ್ಕೆ ಹತ್ತು ಸಲ ಹೇಳುವಂಥದ್ದು. ಅವಳು ಅದನ್ನು ಭಾಷೆ ಕೊಟ್ಟ ಹಾಗೆ ತೆಗೆದುಕೊಂಡಿದ್ದಾಳೆ. ಗುರು ಬೆಳಗಿನ ವಿಮಾನಕ್ಕೆ ಹೋದ. ಮೈಥಿಲಿ ಅಷ್ಟು ದೂರ ಲಿವರ್‌ಮೋರಿನ ಲ್ಯಾಬಿನಲ್ಲಿ. ಕಾರಿಲ್ಲದೆ ಇಲ್ಲಿ ಕಾಲೇ ಇಲ್ಲ.

೯.೩೦

ನರ್ಸ್ ಫೋನ್ ಮಾಡಿ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದಳು. ಸೂಜಿ ಚುಚ್ಚಲು ಬಿಡುತ್ತಿಲ್ಲವಂತೆ. ಬಾಗಿಲು ತೋರಿಸಿ ತೋರಿಸಿ ತಲೆಯಾಡಿಸುತ್ತಾಳಂತೆ. "ವೇದಾ, ವೇದಾ" ಎಂದು ನನ್ನ ಹೆಸರು. ಆ ಭಾಷೆ ಬಲ್ಲವರು ಅಲ್ಲಿ ಯಾರೂ ಇಲ್ಲ. ಇವತ್ತೇ ಆಗಬೇಕು, ತಡವಾದರೆ ಜೀವಕ್ಕೆ ಅಪಾಯ ಎಂದರಂತೆ ಡಾಕ್ಟರು. ಸ್ವಲ್ಪ ಹೊತ್ತಿಗೆ ಅವಳ ಕಿವಿಗೇ ಫೋನ್ ಹಿಡಿಯುತ್ತಾರೆ. ಮೈಥಿಲಿಯ ಆಫೀಸಿಗೆ ಫೋನ್ ಮಾಡಿ ಯಾರಿಗೋ ನನ್ನ ಹೆಸರು ಹೇಳಿದ್ದೇನೆ. ತಿಳಿಯಿತೋ ಇಲ್ಲವೋ.

ಸ್ಮಿಲ್ಯಾಗೆ ಏನು ಹೇಳಲಿ? ಬರುತ್ತೇನೆ ಎಂದರೆ ಇನ್ನೂ ಕಾಯುತ್ತಾಳೆ. ಬರುವುದಿಲ್ಲ ಎಂದು... ಕತ್ತಿಯ ಕೆಳಗೆ ಮಲಗುವವಳಿಗೆ?

೧೦.೧೫

ಹೇಳಿದೆ. "ನೇಚು ದೋಚಿ." ಬರುವುದಿಲ್ಲ. "ನೆ ಚೇಕಾಯ್." ಕಾಯಬೇಡ.

ಆ ಕಡೆಯಿಂದ ಏನೋ ಉದ್ದಕ್ಕೆ ಬೈದಳು. ಅರ್ಥವಾಗಲಿಲ್ಲ, ಬೈಗುಳ ಎಂದು ಗೊತ್ತಾಯಿತು. ಪುಸ್ತಕದಲ್ಲಿ ಅದೊಂದನ್ನೂ ಕಲಿಸಿಲ್ಲ. ನರ್ಸ್ ಫೋನಿಗೆ ಬಂದು "ಓಕೆ, ಶೀ ಈಸ್ ಓಕೆ" ಎಂದಳು. ಸೂಜಿಗೆ ಕೈ ಕೊಟ್ಟಳಂತೆ, ಆಪರೇಷನ್ನಿಗೆ ಒಯ್ದರು.

ದೇವರ ಮುಂದೆ ಕೂತೆ. ಮನಸ್ಸು ಜಪದಲ್ಲಿ ನಿಲ್ಲಲಿಲ್ಲ. ಹುಟ್ಟಿದಂದಿನಿಂದ ಯಾರಿಗೂ ಹೀಗೆ ಹೇಳಿದವಳಲ್ಲ. ಅವಳ ಕಿವಿಗೆ ಬಿದ್ದ ಕೊನೆಯ ಮಾತು ಇದೇ ಆಗಿಬಿಟ್ಟರೆ?

ಮಧ್ಯಾಹ್ನ ೩

ಮೈಥಿಲಿ ಬಂದಳು! ಕೆಲಸ ಬಿಟ್ಟು, ಫ್ರೀವೇ ಟ್ರಾಫಿಕ್ಕಿನಲ್ಲಿ. "ಸೆಕ್ರೆಟರಿ ಊಟದ ಹೊತ್ತಿಗೆ ಚೀಟಿ ಕೊಟ್ಳು ಅತ್ತೆ, ಮದರ್ ಕ್ರೈಯಿಂಗ್ ಅಂತ. ನಿಮಗೇ ಏನೋ ಆಯ್ತು ಅಂದ್ಕೊಂಡೆ." ಬೈಯಲಿಲ್ಲ, ಪುಣ್ಯಾತಗಿತ್ತಿ. ಅವಳೇ ಆಸ್ಪತ್ರೆಗೆ ಫೋನ್ ಮಾಡಿದಳು. ಆಪರೇಷನ್ ಮುಗಿದಿದೆ. ಎಚ್ಚರವಾಗಿಲ್ಲ, ಇಷ್ಟು ಹೊತ್ತಿಗೆ ಆಗಬೇಕಿತ್ತು ಎಂದರಂತೆ.

"ಬೇಗ ಅತ್ತೆ, ಸೀರೆ ಬದಲಾಯಿಸೋದೆಲ್ಲ ಬೇಡ."

ಹೊರಟೆ. ನಾನು ಬರುವುದಿಲ್ಲ ಎಂದಿದ್ದು ಸುಳ್ಳಾಗಬೇಕು. ಅವಳು ಕಣ್ಣು ಬಿಡುವ ಹೊತ್ತಿಗೆ ನಾನು ಎದುರಿಗೆ ನಿಂತು, ಅವಳು ಇನ್ನೊಂದು ಸಲ ಬೈದು... ಮೈಥಿಲಿ ಹಾರ್ನ್ ಮಾಡುತ್ತಿದ್ದಾಳೆ, ಬಂದೆ ಬಂ...