ನಾಲ್ಕು ಇಂಚು ಎತ್ತರಿಸಿದ ಜೀಪು

ಜುಸ್ಪಿನ್,

ಜೀಪಿನ ಕೀಲಿ ಹುಡುಕಬೇಡ, ನನ್ನ ಚೀಲದಲ್ಲಿದೆ. ಅಮ್ಮನನ್ನ ಮಿನಿಬಸ್ಸಲ್ಲೇ ರಾನಾವ್ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ದೀನಿ. ಮಣಿಕಟ್ಟು ಊದಿಕೊಂಡು ಬಳೆ ತೆಗೆಯೋಕಾಗ್ತಿಲ್ಲ.

ಕೆಸರಲ್ಲಿ ಗಾಡಿ ಓಡಿಸೋ ಗೆಳೆಯರ ಮುಂದೆ ಮೆರೆಯೋಕೆ ಜೀಪನ್ನ ನಾಲ್ಕು ಇಂಚು ಎತ್ತರಿಸಿದೆಯಲ್ಲ, ನಿನ್ನೆ ಕುಂಡಾಸಾಂಗ್ ಇಳಿಜಾರಲ್ಲಿ ಒಂದು ಸಣ್ಣ ಗುಂಡಿಗೆ ಇಳಿದದ್ದೇ ತಡ, ಸ್ಟೀರಿಂಗ್ ಗಡಗಡ ನಡುಗಿ ನನ್ನ ಕೈಗೇ ಸಿಗಲಿಲ್ಲ. ನಿಲ್ಲಿಸೋ ಹೊತ್ತಿಗೆ ಎಡಗಡೆ ಚಕ್ರ ಕಣಿವೆ ಅಂಚಲ್ಲಿತ್ತು. ಅಮ್ಮ ಮುಂದಕ್ಕೆ ವಾಲಿ ಡ್ಯಾಶ್‌ಬೋರ್ಡಿಗೆ ಕೈ ಊರಿದ್ದಳು.

"ಸ್ವಲ್ಪ ಒಂದು ಕಡೆಗೆ ಎಳೆಯುತ್ತೆ ಅಕ್ಕ, ರೂಢಿಯಾಗುತ್ತೆ" ಅಂದಿದ್ದೆ ನೀನು. ನಿನ್ನ ತಲೆ! ಇವತ್ತು ಬೆಳಿಗ್ಗೆ ನಾನೇ ಜೀಪಿನ ಕೆಳಗೆ ನುಸುಳಿ ನೋಡಿದೆ. ಜೀಪು ಮೇಲೆ ಹೋಗಿದೆ, ಆಕ್ಸಲ್ಲನ್ನ ಚಾಸಿಗೆ ಹಿಡಿದಿಡೋ ಅಡ್ಡ ರಾಡು ಮಾತ್ರ ಹಳೇದೇ. ಉದ್ದ ಸಾಲದೆ ಮುಂದಿನ ಆಕ್ಸಲ್ಲನ್ನ ಒಂದು ಬದಿಗೆ ಎಳೆದಿದೆ. ಅದರ ತುದಿಯ ರಬ್ಬರ್ ಬುಷ್ಷು ಹರಿದು ಲಟಲಟ ಅಂತಿದೆ. ಅಷ್ಟೂ ನೋಡದೆ ಎತ್ತರಿಸಿದೆಯಾ?

ಹತ್ತು ಗಂಟೆಗೆ ಮೆಕ್ಯಾನಿಕ್ ಮಾರಸ್ ಮನೆಗೇ ಬರ್ತಾನೆ. ಉದ್ದ ಹೊಂದಿಸೋ ರಾಡು, ಹೊಸ ಬುಷ್ಷು ತರ್ತಾನೆ. ನೀನೂ ಅವನ ಜೊತೆ ಅಡಿಯಲ್ಲಿ ಮಲಗಿ ಒಂದೊಂದು ಬೋಲ್ಟೂ ಬಿಗಿ ಮಾಡು. ಚಕ್ರಗಳ ಅಲೈನ್‌ಮೆಂಟ್ ಆಗೋವರೆಗೂ ಜೀಪು ಗೇಟು ದಾಟಕೂಡದು. ಸರಿಯಾಗಲ್ಲ ಅಂತ ಮಾರಸ್ ಅಂದರೆ ನೀನು ಬಿಚ್ಚಿಟ್ಟ ಹಳೇ ಗಿಡ್ಡ ಸ್ಪ್ರಿಂಗೇ ವಾಪಸ್ ಹಾಕು. ಗೆಳೆಯರು ನಕ್ಕರೆ ನಗಲಿ.

ನಿನ್ನ ತಪ್ಪು ಮುಚ್ಚೋಕೆ, ಬಚ್ಚಲಲ್ಲಿ ಜಾರಿಬಿದ್ದೆ ಅಂತ ಡಾಕ್ಟರಿಗೆ ಹೇಳ್ತಾಳಂತೆ ಅಮ್ಮ. ನಾನು ಸುಮ್ಮನಿರಲ್ಲ.

ಊದಿದ ಕೈಯನ್ನ ಎದೆಗವಚಿಕೊಂಡು ಬಾಗಿಲಲ್ಲೇ ನಿಂತಿದ್ದಾಳೆ. "ಬೈದು ಬರೀಬೇಡ್ವೇ, ಅವನಿಗೆ ಮೀನು ಎತ್ತಿಟ್ಟಿದ್ದೀನಿ ಅಂತ ಬರಿ" ಅಂತಿದ್ದಾಳೆ.

ಎಲ್ಲಿಟ್ಟಿದ್ದಾಳೆ ಅಂತ ನಾನು ಬರೆಯಲ್ಲ.

ಡೊರಿತಾ