ಚಿಟಿಕೆ ಭಂಡಾರ

ಜನವರಿ 8, ಬುಧವಾರ. ಬೆಳಿಗ್ಗೆ
ಹಾಲು, ಒಂದು ಮೊಟ್ಟೆ. ಅರ್ಧ ಉಗುಳಿದಳು. ಜ್ವರ 99. ದಿನಾ ಬರೆದಿಡಿ ಎಂದು ಫಕ್ರುನ್ನಿಸಾ ಸಿಸ್ಟರ್ ಹೇಳಿದ್ದಾರೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಕೈ, ಅಕ್ಷರ ಸೊಟ್ಟ.
ಆಸ್ಪತ್ರೆಗೆ ಬಂದು ಒಂಬತ್ತು ದಿನವಾಯಿತು. ಎಳ್ಳ ಅಮಾವಾಸ್ಯೆಗೆ ಗೊಬ್ಬೂರಿನ ಹೊಲದಲ್ಲಿ, ಕುದಿಯುವ ಸಾರಿನ ಪಾತ್ರೆ ನಮ್ಮ ಮಗಳು ವಿಜಯಶ್ರೀ ಮೈಮೇಲೆ ಉರುಳಿತು. ಆರು ವರ್ಷದ ಮೈ. ಎದೆ, ಹೊಟ್ಟೆ, ಎರಡೂ ತೊಡೆ. ಮೂರು ಕಲ್ಲಿನ ಒಲೆ ಹೂಡಿದವಳು ನಾನೇ. ಒಂದು ಕಲ್ಲು ಅಲುಗುತ್ತಿತ್ತು… ನೋಡಿದ್ದೆ.

ಮಧ್ಯಾಹ್ನ
ಬೆನ್ನಿನಿಂದ ಸ್ಟಾಂಪಿನಷ್ಟು ಚರ್ಮ ತೆಗೆದರು. ಮೂರು ವಾರ ಲ್ಯಾಬಿನಲ್ಲಿ ಬೆಳೆಸುತ್ತಾರಂತೆ. ಅವಳದೇ ಚರ್ಮ, ಅವಳಿಗೇ.
"ಸಸಿ ಮಡಿ ಮಾಡ್ದಂಗೇನ್ರಿ?" ಇವರು ಕೇಳಿದರು.
ಸಿಸ್ಟರ್ ಆಳಂದದವರು, ನಕ್ಕರು. "ಹೌದು ಬೀರಣ್ಣಾ. ಆದ್ರ ನೀರು ಬಿಡಾಕ ನೀ ಬರಬ್ಯಾಡ."
ನನ್ನದು ತಗೊಳ್ಳಿ ಎಂದೆ.
"ನಿಂದು ಆಕಿ ಮೈ ಒಪ್ಪಂಗಿಲ್ಲಮ್ಮಾ, ದೂಡಿಬಿಡ್ತದ."
ಅದೇ ಮಾತು ತಲೆಯಲ್ಲಿ.

ಜನವರಿ 21
ಅತ್ತೆ ಸಕ್ಕುಬಾಯಿ ಊರಿಂದ ಬಂದರು. ಸೆರಗಿನ ಗಂಟಿನಲ್ಲಿ ಬೀರಪ್ಪನ ಭಂಡಾರ, ಗುಡಿಯ ಅರಿಶಿನ. "ಗಾಯಕ್ಕ ಹಚ್ಚಬ್ಯಾಡ ಮತ್ತ. ಬರೇ ತಲಿದಿಂಬಿನ ಕೆಳಗಿಡು." ಇಟ್ಟೆ.
ಲ್ಯಾಬಿನಲ್ಲಿ ಬೆಳೆಯದಿದ್ದರೆ? ಕರೆಂಟ್ ಹೋದರೆ?

ಜನವರಿ 29, ಬುಧವಾರ
ಚರ್ಮ ಹಾಕಿದರು. ಐದು ತಾಸು.
"ಉಳ್ಳಾಗಡ್ಡಿ ಸಿಪ್ಪಿಗಿಂತ ತೆಳ್ಳಗ ಅದ," ಅಂದರು ಸಿಸ್ಟರ್. "ಏಳು ದಿನ ಗಾಯದ ಬಟ್ಟಿ ಮುಟ್ಟಂಗಿಲ್ಲ. ಆಮ್ಯಾಲ ತುರಸ್ತದ ಅಂದ್ಲಂದ್ರ ಖುಷಿಪಡು, ಚರ್ಮ ಹಿಡದದ ಅಂತ ತಿಳಿ. ಆದ್ರ ಕೆರಿಲಾಕ ಮಾತ್ರ ಬಿಡಬ್ಯಾಡ."

ಜನವರಿ 31
ಮುಟ್ಟಿದೆ.
ನಿದ್ದೆಯಲ್ಲಿ ನರಳುತ್ತಿದ್ದಳು. ಬಲತೊಡೆಯ ಬಟ್ಟೆಯ ಅಂಚು ಎತ್ತಿ ಒಂದು ಚಿಟಿಕೆ ಭಂಡಾರ ಒಳಗೆ ಹಾಕಿದೆ. ಒಂದೇ ಚಿಟಿಕೆ. ಯಾರೂ ನೋಡಲಿಲ್ಲ.

ಫೆಬ್ರವರಿ 2, ಭಾನುವಾರ
ಜ್ವರ 102.
"ಏನರ ಹಚ್ಚೀಯೇನಮ್ಮಾ?" ಸಿಸ್ಟರ್ ಕೇಳಿದರು.
"ಇಲ್ರಿ," ಅಂದೆ. ಬಾಯಿ ತಾನೇ ಅಂದಿತು. ಜ್ವರ ಭಂಡಾರದಿಂದಲೇ ಬಂತೋ, ಬೇರೆಯದರಿಂದಲೋ… ಹೇಳಿದರೆ ಬಟ್ಟೆ ಬಿಚ್ಚುತ್ತಾರೆ, ಬಿಚ್ಚಿದರೆ ಸಿಪ್ಪೆ ಕಿತ್ತು ಬರುತ್ತದೆ. ಹೇಳದಿದ್ದರೆ—

ಫೆಬ್ರವರಿ 3
ಅತ್ತೆ ದಿಂಬಿನ ಕೆಳಗಿನ ಗಂಟು ನೋಡಿದರು. "ಬೇ ಶಿವಕಾಂತಾ, ಇದನ್ನ ಯಾರ ಬಿಚ್ಯಾರ?"
ಅಳುತ್ತಾ ಎಲ್ಲ ಒಪ್ಪಿಕೊಂಡೆ.
"ಬೀರಪ್ಪ ಏನ ನಿನಗ ಬಟ್ಟಿ ಎತ್ತು ಅಂತ ಹೇಳಿದ್ನೇನು? ಅಳೂದು ಆಮ್ಯಾಲ ಅಳು. ಹೋಗಿ ಡಾಕ್ಟರ್ ಮುಂದ ಬೊಗಳು, ನಡಿ!"
ಹೇಳಿದೆ. ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಲತೊಡೆಯ ಬಟ್ಟೆ ಬಿಚ್ಚಿ ತೊಳೆದರು. ಹಾಕಿದ ಚರ್ಮ ನೀರಿನ ಜೊತೆ ಹೋಯಿತು. ಅಂಗೈಯಷ್ಟು. ಅದಕ್ಕೆ ಮತ್ತೆ ಬೆನ್ನಿಂದ ತೆಗೆಯಬೇಕು, ಮತ್ತೆ ಮೂರು ವಾರ. ಉಳಿದ ಕಡೆಗೂ ನಂಜು ಏರಿದೆಯೋ ಇಲ್ಲವೋ, ಬುಧವಾರ ಗೊತ್ತಾಗುತ್ತದೆ.
ಇವರು ನನ್ನೊಡನೆ ಮಾತಾಡಿಲ್ಲ.

ಫೆಬ್ರವರಿ 5, ಬುಧವಾರ. ಬೆಳಿಗ್ಗೆ 9
ಜ್ವರ 99. ಹಾಲು ಕುಡಿದಳು. ಹನ್ನೊಂದಕ್ಕೆ ಬಟ್ಟೆ ಬಿಚ್ಚುತ್ತಾರೆ. ಕೈ ಮೂರು ಸಲ ತೊಳೆದೆ. ಇವರು ಚಹಾ ತಂದು ಪಕ್ಕದಲ್ಲಿಟ್ಟು ಹೋದರು.
ಮಗುವಿನ ಬೆನ್ನು ಇನ್ನೆಷ್ಟು ಸಲ ಚರ್ಮ ಕೊಟ್ಟೀತು…
ಎದ್ದಳು.
"ಯವ್ವಾ."
"ಏನವ್ವಾ?"
"ಎದಿ ತುರಸಾಕತ್ತದ."
ಕೆರೆಯಲು ಕೈ ಒಯ್ಯುತ್ತಿದ್ದಾಳೆ, ಹಿಡಿಯಬೇಕು—