ತೊಟ್ಟಿಲ ಜಾಹೀರಾತಿಗೆ ನಿನ್ನ ಕೂಸು

ಬಿಷ್ಕೆಕ್, ಮಂಗಳವಾರ

ಅಕ್ಕಾ,

ಬೆಳಗಿನ ಜಾವ ಕೆಟ್ಟ ಕನಸು. ನಿನ್ನ ಕೂಸಿನ ತೊಟ್ಟಿಲ ಮುಂದೆ ಗುರುತಿಲ್ಲದ ಜನ ಸಾಲಾಗಿ ನಿಂತು ಒಬ್ಬೊಬ್ಬರೇ ಬಗ್ಗಿ ನೋಡುತ್ತಿದ್ದರು. ತಪ್ಪು ನನ್ನದೇ. ತೊಟ್ಟಿಲು ಮಾರುವವರ ಜಾಹೀರಾತಿಗೆ ಮಾದರಿಯೆಂದು, ಬೆಟ್ಟ ಹತ್ತುವ ಮುಂಚೆ ನೀನು ಫೋನಿಗೆ ಕಳಿಸಿದ್ದ ಕೂಸಿನ ಚಿತ್ರವಿಟ್ಟು ತೋರಿಸಿದೆ. ನಮ್ಮ ಜಾಹೀರಾತು ಕಚೇರಿಯ ಯಜಮಾನಿ ಚೊಲ್ಪೊನಕ್ಕ ಅದನ್ನೇ ಹಿಡಿದುಕೊಂಡಳು. ಲಕ್ಷ ಜನರ ಫೋನಿಗೆ ಹೋಗುತ್ತದಂತೆ. ನಲವತ್ತು ದಿನ ತುಂಬದ ಕೂಸು ಹೊರಗಿನವರ ಕಣ್ಣಿಗೆ ಬೀಳಬಾರದು ಎಂದೆ.

“ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟೋಳಿಗೆ ಕೆಲ್ಸ ಕೊಟ್ರೆ ನಂಗೇ ಶಾಸ್ತ್ರ ಹೇಳ್ತೀಯೇನೇ?” ಎಂದು ನಕ್ಕಳು. ಆಮೇಲೆ, “ನಲವತ್ತು ತುಂಬದ ಕೂಸನ್ನ ತೋರ್ಸಿದ್ದು ನಮ್ಮತ್ತೆಗೆ ಗೊತ್ತಾದ್ರೆ ನನ್ನ ಚರ್ಮ ಸುಲೀತಾರೆ. ಸೋಮವಾರದವರೆಗೆ ತಡೀತೀನಿ. ಆಗ್ಲೂ ಚಿತ್ರ ಇಲ್ಲ ಅಂದ್ರೆ ನೀನೂ ಬರ್ಬೇಡ” ಎಂದಳು.

ನೀವಿರುವ ಬೆಟ್ಟದ ಹುಲ್ಲುಗಾವಲಿನಲ್ಲಿ ಫೋನು ಸಿಗದು. ಹುಳಿಸಿದ ಕುದುರೆಹಾಲು ಕುಮಿಸ್ ಒಯ್ಯಲು ಅಲ್ಲಿಗೆ ಬರುವ ಸಬಿರ್ ಮಾವನ ಕೈಗೆ ಈ ಕಾರ್ಡು ಕೊಟ್ಟಿದ್ದೇನೆ. ಶನಿವಾರ ಅವರು ಇಳಿಯುವಾಗ ಉತ್ತರ ಕೊಡು. ಬೇಡವೆಂದರೆ ಬೇಡವೆಂದೇ ಬರೆ, ಚಿತ್ರ ಅಳಿಸಿಬಿಡುತ್ತೇನೆ. ಕೆಲಸ ಇನ್ನೊಂದು ಹುಡುಕಿದರಾಯಿತು. ನನ್ನ ಕೆಮ್ಮು ವಾಸಿಯಾಗಿದೆ.

ನಿನ್ನ ತಂಗಿ,
ಬುರುಲ್

ನನ್ನ ಲೆಕ್ಕಕ್ಕೆ, ಬುಧವಾರದಿಂದ ಎಣಿಸಿದರೆ, ಭಾನುವಾರ ನಲವತ್ತು ತುಂಬುತ್ತದೆ; ಗುರುವಾರದಿಂದಾದರೆ ಸೋಮವಾರ. ಆದರೆ ಕೂಸು ಹುಟ್ಟಿದ್ದು ಬುಧವಾರವೋ, ಗುರುವಾರ ಬೆಳಕು ಹರಿದ ಮೇಲೋ, ನಿಮ್ಮತ್ತೆಯನ್ನು ಕೂರಿಸಿಕೊಂಡು ಇನ್ನೊಮ್ಮೆ ಎಣಿಸು.